ಮಣ್ಣಿನ ಟೆನಿಸ್ ಕೋರ್ಟಿಗೆ ಸಿಮೆಂಟ್ ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ ಪಿಟಿ ಟೀಚರ್, ಹದಿನಾರು ವರ್ಷದಿಂದ ಖೋಖೋ, ಕಬಡ್ಡಿ, ಥ್ರೋಬಾಲ್ ಆಡಿಸ್ಕೊಂಡು ಬಂದಿದೀನಿ. ಈ ಸಲ ಯುಗಾದಿ ಕಳೆದು ಪರೀಕ್ಷೆ ಎಲ್ಲ ಮುಗಿದು ಏಪ್ರಿಲ್ ರಜೆ ಸಿಕ್ಕಿದ್ದೇ ಶಿವಮೊಗ್ಗದಲ್ಲಿ ಹತ್ತು ದಿನದ ವಸಂತ ಟೆನಿಸ್ ಕ್ಯಾಂಪ್‌ಗೆ ಸೇರ್ಕೊಂಡೆ, ನಾನೊಬ್ಳೇ ಅಲ್ಲ, ನಮ್ಮ ಸ್ಕೂಲಿನ ಒಂಬತ್ತನೇ ಕ್ಲಾಸಿನ ಇಬ್ರು ಹುಡುಗೀರನ್ನೂ ಅವರ ಮನೆಯವರನ್ನ ಒಪ್ಪಿಸಿ ಕರ್ಕೊಂಡು ಹೋದೆ, ಗೋಪಾಳದಲ್ಲಿ ನಮ್ಮಕ್ಕನ ಮನೆ ಇರೋದ್ರಿಂದ ಮೂವರೂ ಅಲ್ಲೇ ಉಳ್ಕೊಂಡ್ವಿ. ಕ್ಯಾಂಪ್ ನಡೆದಿದ್ದು ಮಣ್ಣಿನ ಕೋರ್ಟಲ್ಲಿ. ಕೊನೇ ದಿನ ಸರ್ಟಿಫಿಕೇಟ್ ಕೊಡೋ ಹೊತ್ತಲ್ಲಿ ಅಲ್ಲಿನವರೊಬ್ರು ತುಂಬ ಖುಷಿಯಿಂದ ಹೇಳಿದ್ರು, ಮುಂದಿನ ವರ್ಷ ನೀವು ಬರೋಷ್ಟ್ರಲ್ಲಿ ಈ ಮಣ್ಣೆಲ್ಲ ಇರಲ್ಲ, ಸಿಮೆಂಟ್ ಹಾಕಿ ಮೇಲೆ ಸಿಂಥೆಟಿಕ್ ಬಳಿಸ್ತೀವಿ ಅಂತ. ಎಲ್ರೂ ಚಪ್ಪಾಳೆ ಹೊಡೆದ್ರು, ನನಗೆ ಕೈ ಬರ್ಲಿಲ್ಲ. ಆವತ್ತಿಂದ ಅದೇ ತಲೇಲಿ ಕೂತಿದೆ, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ಬೆಳಿಗ್ಗೆ ಆರೂವರೆಗೆ ಕ್ಯಾಂಪ್ ಶುರು. ಮೊದಲನೇ ದಿನ ನಮಗೆ ಗಡಿಬಿಡಿ ಆಗಿ ಆರಕ್ಕೇ ಹೋಗಿ ನಿಂತಿದ್ವಿ, ಆಗ ಅಲ್ಲಿ ಇದ್ದಿದ್ದು ಮಾರ್ಕರ್ ಒಬ್ರೇ. ಗೊತ್ತಿಲ್ದೋರಿಗೆ ಹೇಳ್ತೀನಿ, ಕೋರ್ಟ್ ನೋಡ್ಕೊಂಡು, ಬಂದವರ ಜೊತೆ ಆಡಿ ಕಲಿಸೋ ಕೆಲಸದವರಿಗೆ ಟೆನಿಸಲ್ಲಿ ಮಾರ್ಕರ್ ಅಂತಾರೆ. ಇವರಿಗೆ ಅರವತ್ತು ದಾಟಿದೆ, ಪ್ಯಾಂಟ್ ಮಡಚಿ ಬರಿಗಾಲಲ್ಲಿ ಕೋರ್ಟ್ ಮೇಲೆ ಕೂತು ಹೆಬ್ಬೆಟ್ಟಲ್ಲಿ ನೆಲ ಒತ್ತಿ ಒತ್ತಿ ನೋಡ್ತಿದ್ರು. ಹಿಂದಿನ ಸಂಜೆ ಪೈಪ್ ಹಿಡಿದು ನೀರು ಬಿಟ್ಟಿರ್ತಾರೆ, ರಾತ್ರಿ ಎಲ್ಲ ಹೀರ್ಕೊಂಡು ಬೆಳಿಗ್ಗೆಗೆ ಹದ ಬರ್ಬೇಕು, ಹದ ಅಂದ್ರೆ ಮಣ್ಣು ಬೆರಳಿಗೆ ಮೆತ್ಕೋಬಾರ್ದು ಆದ್ರೆ ಬೆರಳಿನ ಗುರುತು ಮಾತ್ರ ಚೆನ್ನಾಗಿ ಕೂರ್ಬೇಕು. ಹದ ಬಂದಿದೆ ಅಂತ ಆದ್ಮೇಲೆ ಕಲ್ಲಿನ ರೋಲರ್, ಉದ್ದಕ್ಕೆ ಒಂದು ಸಲ ಅಡ್ಡಕ್ಕೆ ಒಂದು ಸಲ, ಆಮೇಲೆ ಒದ್ದೆ ಗೋಣಿಚೀಲ ಎಳೆದು ನೆಲ ನುಣುಪು ಮಾಡೋದು, ಕಡೆಗೆ ದಾರ ಕಟ್ಟಿ ಸುಣ್ಣದ ಗೆರೆ. ಉದ್ದ 78 ಅಡಿ, ಅಗಲ ಡಬಲ್ಸ್‌ಗೆ 36, ಸಿಂಗಲ್ಸ್‌ಗೆ 27, ನೆಟ್ ನಡೂಮಧ್ಯ 3 ಅಡಿ ಕಂಬದ ಹತ್ರ ಮೂರೂವರೆ, ಎಲ್ಲ ಅವರ ಕೈಲೇ ಇದೆ, ಟೇಪ್ ಬರೀ ತಾಳೆ ನೋಡೋಕೆ.

ಇದೆಂತ ಮಣ್ಣು ಅಂತ ಕೇಳ್ದೆ. ಎಲ್ಲಿಂದ ಬಂದಿದೀರಿ ಅಂತ ವಾಪಸ್ ಕೇಳಿದ್ರು, ಹೊಸನಗರದ ಕಡೆಯವಳು ಅಂದೆ. "ಹಂಗಾದ್ರೆ ನಿಮಗೆ ಹೇಳೋದೆಂತ ಮೇಡಂ, ಅಡಿಕೆ ಅಂಗಳ ಮಾಡಲ್ವಾ ನೀವು, ಅದೇ ಕೆಲಸ ಇದು" ಅಂದ್ರು.

ಆ ಮಾತು ನನಗೆ ಎಷ್ಟು ನಾಟ್ತು ಅಂದ್ರೆ ಆವತ್ತು ಪೂರ್ತಿ ಅದನ್ನೇ ಯೋಚನೆ ಮಾಡ್ತಿದ್ದೆ. ನಮ್ಮ ಅಜ್ಜಿ ಮನೇಲಿ ಮಳೆಗಾಲ ಮುಗಿದು ದೀಪಾವಳಿ ಹತ್ರ ಬಂತು ಅಂದ್ರೆ ಅಂಗಳ ಕೆತ್ತೋದು, ಹೊಸ ಮಣ್ಣು ಹಾಕಿ ನೀರು ಚಿಮುಕಿಸಿ ಪೆಟ್ಟಣೇಲಿ ಬಡಿಯೋದು, ಒಡಕು ಬಿಟ್ಟಲ್ಲಿ ಮತ್ತೆ ಮಣ್ಣು ತುಂಬಿ ಬಡಿಯೋದು, ಮೇಲೆ ಸಗಣಿ ಬಳಿಯೋದು, ಆ ನೆಲದ ಮೇಲೆ ಅಡಿಕೆ ಹರವಿದ್ರೆ ಒಂದು ಕಲ್ಲು ಕೂಡ ಕೈಗೆ ಸಿಗ್ತಿರ್ಲಿಲ್ಲ. ಮತ್ತೆ ಜೂನ್ ಬರೋ ಮುಂಚೆ ಅದೇ ಅಂಗಳಕ್ಕೆ ಅಡಿಕೆ ಸೋಗೆ ಹೊದಿಸಿ ಮಳೆಗೆ ಕೊಚ್ಚಿ ಹೋಗದ ಹಂಗೆ ಕಾಪಾಡ್ತಿದ್ರು. ಟೆನಿಸ್ ಅಂದ್ರೆ ದೊಡ್ಡೋರ ಆಟ, ಕ್ಲಬ್ಬಿನೋರ ಆಟ ಅಂತ ನಾನೂ ಇಷ್ಟು ವರ್ಷ ದೂರ ಇಟ್ಟಿದ್ದೆ, ನಮ್ಮ ಮಕ್ಕಳಿಗೆ ಅದು ಸಿಗೋದಲ್ಲ ಅಂತ ನಾನೇ ತೀರ್ಮಾನ ಮಾಡ್ಬಿಟ್ಟಿದ್ದೆ, ಆದ್ರೆ ಈ ಆಟದ ನೆಲ ಮಾಡೋ ವಿದ್ಯೆ ನಮ್ಮೂರಿನ ಪ್ರತಿ ಮನೇಲೂ ಇದೆಯಲ್ಲ.

ಇನ್ನು ಆಟದ ವಿಚಾರ. ನಾನು ಪಿಟಿ ಟೀಚರ್ ಆಗೋಕೆ ಬಿಪಿಎಡ್ ಕೋರ್ಸ್ ಮಾಡೋವಾಗ ಸಿಮೆಂಟ್ ಕೋರ್ಟಲ್ಲಿ ಸ್ವಲ್ಪ ಟೆನಿಸ್ ಆಡಿದ್ದೆ, ಹಂಗಾಗಿ ಬರತ್ತೆ ಅನ್ಕೊಂಡೇ ಹೋದೆ. ಮೊದಲ ದಿನ ಒಂದು ಚೆಂಡೂ ರಾಕೆಟ್ ನಡುವಿಗೆ ಬೀಳ್ಲಿಲ್ಲ. ಯಾಕಂದ್ರೆ ಮಣ್ಣಲ್ಲಿ ಚೆಂಡು ನೆಲಕ್ಕೆ ಬಿದ್ದಾಗ ಮೇಲಿನ ಸಡಿಲ ಪುಡಿ ಅದನ್ನ ಹಿಡಿದು ಎಳೆಯತ್ತೆ, ವೇಗ ತಗ್ಗತ್ತೆ, ಆದ್ರೆ ಪುಟ ಮಾತ್ರ ಎತ್ತರಕ್ಕೆ ಬರತ್ತೆ, ಸಿಮೆಂಟಲ್ಲಿ ಸೊಂಟದ ಹತ್ರ ಸಿಗೋ ಚೆಂಡು ಇಲ್ಲಿ ಭುಜದ ಹತ್ರ ಬಂದು ನಿಲ್ಲತ್ತೆ, ಚೆಂಡು ಮುಂದಕ್ಕೆ ಉರುಳೋ ಹಂಗೆ ತಿರುಗಿಸಿ ಹೊಡೆಯೋ ಟಾಪ್ ಸ್ಪಿನ್ ಹಾಕಿದ್ರಂತೂ ಇನ್ನೂ ಮೇಲೆ. ನಾನು ಅವಸರ ಮಾಡಿ ಮುಂಚೇನೇ ಬೀಸ್ತಿದ್ದೆ. ಕೋಚ್ ಹೇಳಿದ್ದು ಒಂದೇ ಮಾತು, ಕಾಯಿರಿ ಮೇಡಂ, ಮಣ್ಣು ನಿಮಗೆ ಟೈಮ್ ಕೊಡತ್ತೆ, ತಗೊಳಿ ಅಂತ. ಹೊಸಬರು ಕಲಿಯೋಕೆ ಇದಕ್ಕಿಂತ ಒಳ್ಳೇ ನೆಲ ಯಾವುದೂ ಇಲ್ಲ ಅಂತ ಹತ್ತು ದಿನ ಆದ್ಮೇಲೆ ಧೈರ್ಯವಾಗಿ ಹೇಳ್ತೀನಿ. ಒಂದೇ ಏಟಿಗೆ ಪಾಯಿಂಟ್ ಮುಗಿಯಲ್ಲ, ಚೆಂಡು ವಾಪಸ್ ಬರತ್ತೆ, ಮತ್ತೆ ಹೊಡೀಬೇಕು, ಮತ್ತೆ ಬರತ್ತೆ, ಜೋರಾಗಿ ಹೊಡೆಯೋರಿಗಿಂತ ಎಲ್ಲಿ ಹಾಕ್ಬೇಕು ಅಂತ ಯೋಚನೆ ಮಾಡೋರು ಗೆಲ್ತಾರೆ.

ಎಲ್ಲಕ್ಕಿಂತ ಕಷ್ಟ ಜಾರೋದು. ಮಣ್ಣಿನ ಕೋರ್ಟಲ್ಲಿ ಓಡಿ ಹೋಗಿ ಗಕ್ಕನೆ ನಿಲ್ಲೋಕಾಗಲ್ಲ, ಜಾರಿಕೊಂಡೇ ಚೆಂಡಿನ ಹತ್ರ ಹೋಗ್ಬೇಕು, ಮಂಡಿ ಬಗ್ಗಿರ್ಬೇಕು, ಜಾರಾಟ ಮುಗಿಯೋದೂ ರಾಕೆಟ್ ಚೆಂಡಿಗೆ ತಾಗೋದೂ ಒಂದೇ ಹೊತ್ತಿಗೆ ಆಗ್ಬೇಕು. ನಮ್ಮ ಬ್ಯಾಚಲ್ಲಿ ಪೇಟೆ ಮಕ್ಕಳು ಒಳ್ಳೊಳ್ಳೆ ಶೂ, ಒಳ್ಳೊಳ್ಳೆ ರಾಕೆಟ್ ಇಟ್ಕೊಂಡು ಬಂದಿದ್ರು, ಪಾಪ ಎಲ್ರೂ ಚೆಂಡು ಹೊಡೆದಾದ್ಮೇಲೆ ಜಾರ್ತಿದ್ರು, ಇಲ್ಲಾಂದ್ರೆ ಬೀಳ್ತಿದ್ರು, ನಾನೂ ಎರಡು ಸಲ ಬಿದ್ದು ಮೊಣಕೈ ತರಚ್ಕೊಂಡೆ. ನಾಲ್ಕನೇ ದಿನ ಕೋಚ್ ನಮ್ಮ ಹುಡುಗಿ ಒಬ್ಬಳನ್ನ ಕರೆದು ಚೆಂಡನ್ನ ದೂರದ ಮೂಲೆಗೆ ಹಾಕಿದ್ರು. ಅವಳು ಓಡಿದ್ಲು, ಎರಡು ಹೆಜ್ಜೆ ಇರೋ ಹಂಗೇ ಬಲಗಾಲು ಅಡ್ಡ ಇಟ್ಟು ಮೈ ತಗ್ಗಿಸಿ ಸರ್ರನೆ ಜಾರಿ ಚೆಂಡನ್ನ ನೆಟ್ ದಾಟಿಸಿ ಅದೇ ಕಾಲು ಒತ್ತಿ ನಡುವಿಗೆ ವಾಪಸ್ ಬಂದ್ಲು. ಹಿಂದೆ ನೆಲದ ಮೇಲೆ ಒಂದು ಮಾರು ಉದ್ದದ ಗೆರೆ. ಕೋಚ್ ಬಾಯಿ ಬಿಟ್ಕೊಂಡು ನೋಡಿದ್ರು, ಎಲ್ಲಿ ಕಲಿತೆ ಮರೀ ಅಂತ. "ಖೋಖೋ ಸರ್" ಅಂದ್ಲು. ಹೌದು, ಕಂಬದ ಹತ್ರ ಅಟ್ಟಿಸ್ಕೊಂಡು ಬಂದು ತಿರುಗೋವಾಗ ನಮ್ಮ ಮಕ್ಕಳು ಜಾರೋದು ಹಿಂಗೇ, ಐದನೇ ಕ್ಲಾಸಿಂದ ಜಾರ್ತಾ ಬಂದಿದಾರೆ, ಇದು ಟೆನಿಸ್ ವಿದ್ಯೆ ಅಂತ ಅವರಿಗೂ ಗೊತ್ತಿಲ್ಲ ನನಗೂ ಗೊತ್ತಿರ್ಲಿಲ್ಲ. ಆ ಹುಡುಗಿ ಕೈಲಿದ್ದ ರಾಕೆಟ್ ಬೇರೆಯವರದ್ದು, ಗಟ್, ಅಂದ್ರೆ ರಾಕೆಟ್ ಬಲೆಯ ದಾರ, ಸಡಿಲ ಆಗಿತ್ತು, ಕಾಲಲ್ಲಿ ಸ್ಕೂಲಿನ ಕ್ಯಾನ್ವಾಸ್ ಶೂ. ಇದನ್ನ ಬರೆಯೋವಾಗ್ಲೂ ನನಗೆ ಗಂಟಲು ಕಟ್ಟತ್ತೆ.

ಇನ್ನೊಂದು ವಿಷಯ ಹೇಳ್ಲೇಬೇಕು. ಮಣ್ಣಲ್ಲಿ ಚೆಂಡು ಬಿದ್ದ ಕಡೆ ಗುರುತು ಉಳಿಯತ್ತೆ. ಮೊಟ್ಟೆ ಆಕಾರದ ಸಣ್ಣ ಗುರುತು, ಗೆರೆಗೆ ತಾಗಿದ್ಯೋ ಇಲ್ವೋ ಅಂತ ಕಣ್ಣಾರೆ ನೋಡಬಹುದು. ಔಟ್ ಅಂತ ಕೂಗಿದ್ರೆ ಆಚೆಯೋರು ಬಂದು ನೋಡೋಣ ಅಂತಾರೆ, ಇಬ್ರೂ ಬಗ್ಗಿ ನೋಡ್ತಾರೆ, ಮುಗೀತು. ಸ್ಕೂಲ್ ಟೂರ್ನಮೆಂಟ್‌ಗಳಲ್ಲಿ ಗೆರೆ ವಿಷಯಕ್ಕೆ ನಡೆಯೋ ಜಗಳ ಬಿಡಿಸಿ ಬಿಡಿಸಿ ಸಾಕಾಗಿರೋ ನನ್ನಂಥ ಪಿಟಿ ಟೀಚರ್‌ಗೆ ಇದರ ಬೆಲೆ ಗೊತ್ತು. ಏಳನೇ ದಿನದ ಮ್ಯಾಚಲ್ಲಿ ನಮ್ಮ ಇನ್ನೊಬ್ಬ ಹುಡುಗಿ ತನಗೆ ಬಂದ ಪಾಯಿಂಟನ್ನ ತಾನೇ ಗುರುತು ತೋರಿಸಿ, ಇಲ್ಲ ಸರ್ ಗೆರೆಗೆ ಚೂರು ತಾಗಿದೆ, ಔಟ್ ಅಲ್ಲ ಅಂತ ಎದುರಾಳಿಗೆ ಬಿಟ್ಕೊಟ್ಲು, ಯಾರೂ ಹೇಳಿಕೊಟ್ಟಿದ್ದಲ್ಲ. ಪ್ಯಾರಿಸಿನ ಫ್ರೆಂಚ್ ಓಪನಲ್ಲೂ ಇದೇ ನಡೆಯೋದು, ಬೇರೆ ದೊಡ್ಡ ಟೂರ್ನಿಗಳಲ್ಲಿ ಗೆರೆ ನೋಡೋಕೆ ಮಷೀನ್ ಬಂದ್ರೂ ಅಲ್ಲಿ 2025ರಲ್ಲೂ ಗೆರೆ ನೋಡೋಕೆ ಮನುಷ್ಯರೇ ನಿಂತಿದ್ರು, ಅನುಮಾನ ಬಂದ್ರೆ ಅಂಪೈರ್ ಕುರ್ಚಿ ಇಳಿದು ಬಂದು ಗುರುತು ನೋಡ್ತಾರೆ.

ಆ ಪ್ಯಾರಿಸ್ ಕೋರ್ಟಿನ ಬಗ್ಗೆನೂ ಕ್ಯಾಂಪಲ್ಲೇ ತಿಳ್ಕೊಂಡೆ. ಟಿವಿಲಿ ಕೆಂಪಗೆ ಕಾಣೋದೆಲ್ಲ ಅಡಿಗಟ್ಲೆ ಮಣ್ಣು ಅನ್ಕೊಂಡಿದ್ದೆ, ಅಲ್ಲ, ಮೇಲಿನ ಕೆಂಪು ಬರೀ ಇಟ್ಟಿಗೆ ಪುಡಿ, ಒಂದೆರಡು ಮಿಲಿಮೀಟರ್ ಅಷ್ಟೇ, ಅದರ ಕೆಳಗೆ ಬಿಳೀ ಸುಣ್ಣಕಲ್ಲಿನ ಪುಡಿ, ಅದರ ಕೆಳಗೆ ಕಲ್ಲಿದ್ದಲು ಸುಟ್ಟು ಉಳಿದ ಕಿಟ್ಟ, ಅದರ ಕೆಳಗೆ ಜಲ್ಲಿ ಕಲ್ಲು. ನೀರು ನಿಲ್ಲದೆ ಇಳಿದು ಹೋಗ್ಲಿ ಅಂತ ಹಿಂಗೆ ಪದರ ಪದರ. ಹಿಂದೆ 1880ರ ಸುಮಾರಿಗೆ ಫ್ರಾನ್ಸಿನ ಕಾನ್ ಊರಲ್ಲಿ ಹುಲ್ಲಿನ ಕೋರ್ಟ್ ಬಿಸಿಲಿಗೆ ಸುಟ್ಟು ಹೋಗತ್ತೆ ಅಂತ ಒಡೆದ ಮಡಿಕೆ ಪುಡಿ ಮಾಡಿ ಮೇಲೆ ಹಾಕಿದ್ರಂತೆ, ಕೆಂಪು ಕೋರ್ಟ್ ಅಲ್ಲಿಂದ ಬಂತು ಅಂತ ಹೇಳ್ತಾರೆ. ನಮ್ಮಲ್ಲಿ ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸ್ಕೊಳ್ಳೋ ಪ್ರತಿ ಮನೆ ಹಿತ್ತಲಲ್ಲೂ ಒಡೆದ ಹೆಂಚಿನ ರಾಶಿ ಬಿದ್ದಿರತ್ತೆ, ಅದನ್ನ ಯಾರೂ ಕೇಳೋರಿಲ್ಲ.

ಅಂಥ ನೆಲದ ಮೇಲೆ ರಾಫೆಲ್ ನಡಾಲ್ 2005ರಿಂದ 2022ರೊಳಗೆ 14 ಸಲ ಫ್ರೆಂಚ್ ಓಪನ್ ಗೆದ್ರು. ಅದು ಎಲ್ರಿಗೂ ಗೊತ್ತು. ಆದ್ರೆ ಗ್ರ್ಯಾಂಡ್ ಸ್ಲಾಮಲ್ಲಿ, ಅಂದ್ರೆ ಟೆನಿಸಿನ ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲಿ, ಭಾರತದವರೊಬ್ರು ಗೆದ್ದ ಮೊದಲ ಪ್ರಶಸ್ತಿ ಬಂದಿದ್ದೂ ಅದೇ ಮಣ್ಣಲ್ಲಿ, 1997ರಲ್ಲಿ ಮಹೇಶ್ ಭೂಪತಿ ಗಂಡು ಹೆಣ್ಣು ಜೋಡಿ ಆಡೋ ಮಿಕ್ಸೆಡ್ ಡಬಲ್ಸ್ ಗೆದ್ದಾಗ. 1999ರಲ್ಲಿ ಲಿಯಾಂಡರ್ ಪೇಸ್, ಭೂಪತಿ ಜೋಡಿ ಅಲ್ಲೇ ಡಬಲ್ಸ್ ಗೆದ್ರು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಮೊದಲ ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದು 2017ರಲ್ಲಿ, ಅದೂ ಪ್ಯಾರಿಸ್ ಮಣ್ಣಲ್ಲೇ. ಕಾಫಿ ತೋಟದ ಮನೆಯ ಹುಡುಗ, ಆಮೇಲೆ 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಡಬಲ್ಸಲ್ಲಿ ಜಗತ್ತಿಗೇ ನಂಬರ್ ಒನ್ ಆದ್ರಲ್ಲ, ನಾನು ಆ ಹುಡುಗೀರಿಗೆ ರಾತ್ರಿ ಮೊಬೈಲಲ್ಲಿ ಅವರ ಆಟ ತೋರಿಸಿ ನೋಡಿ ನಮ್ಮ ಹಂಗೇ ಮಳೆ ಸುರಿಯೋ ಊರಿನೋರು ಅಂತ ಹೇಳ್ದೆ.

ಮಳೆ ಅಂದ್ರೆ ನೆನಪಾಯ್ತು. ಸಿಂಥೆಟಿಕ್ ಮಾಡ್ಸೋರು ಹೇಳೋ ದೊಡ್ಡ ಕಾರಣವೇ ಮಳೆ, ಮಣ್ಣಿನ ಕೋರ್ಟ್ ಮಳೆಗಾಲದಲ್ಲಿ ದಂಡ ಅಂತ. ಅದನ್ನ ನಾನು ಸುಳ್ಳು ಅನ್ನಲ್ಲ. ಎಂಟನೇ ದಿನ ಮಧ್ಯಾಹ್ನ ಗುಡುಗು ಸಮೇತ ಮಳೆ ಬಂತು, ಬೇಸಿಗೆ ಮಳೆ, ಮುಕ್ಕಾಲು ಗಂಟೆ ಹೊಡೀತು, ಸಂಜೆ ಹೋಗಿ ನೋಡಿದ್ರೆ ಕೋರ್ಟ್ ಪೂರ್ತಿ ಕೆಸರು, ನಾಳೆ ಕ್ಯಾಂಪ್ ಇಲ್ಲ ಅಂತ ಮಕ್ಕಳೆಲ್ಲ ಸಪ್ಪೆ ಮೋರೆ ಹಾಕ್ಕೊಂಡು ಮನೆಗೆ ಹೋದ್ರು. ಮಾರ್ಕರ್ ಮಾತ್ರ ಏನೂ ಗಾಬರಿ ಆಗ್ಲಿಲ್ಲ. ನೀರು ನಿಂತ ಕಡೆ ಸ್ಪಂಜಲ್ಲಿ ಹೀರಿಸಿ ಬಕೆಟ್‌ಗೆ ಹಿಂಡಿದ್ರು, ಯಾರನ್ನೂ ಕೋರ್ಟ್ ತುಳಿಯೋಕೆ ಬಿಡ್ಲಿಲ್ಲ, ಅದು ಮುಖ್ಯ, ಒದ್ದೆ ಇರೋವಾಗ ತುಳಿದ್ರೆ ಗುಂಡಿ ಒಣಗಿ ಕಲ್ಲಾಗತ್ತೆ. ಮಾರನೇ ದಿನ ಬಿಸಿಲು ಏರೋವರೆಗೂ ಕಾದು, ಜರಡಿ ಹಿಡಿದ ಒಣ ಮಣ್ಣು ಉದುರಿಸಿ, ರೋಲರ್ ಎಳೆದ್ರು. ನಾವು ಎಂಟು ಜನ ಹಗ್ಗ ಹಿಡಿದು ಜೊತೆಗೆ ಎಳೆದ್ವಿ. ಸಂಜೆ ನಾಲ್ಕೂವರೆಗೆ ಆಟ ಶುರು ಆಯ್ತು, ಮೊದಲಿಗಿಂತ ಚೆನ್ನಾಗಿ ಪುಟಿಯೋ ನೆಲ. ಒಂದೇ ಒಂದು ದಿನದ ಬೆಳಿಗ್ಗೆ ತಪ್ತು, ಅಷ್ಟೇ.

ಜೂನಿಂದ ಸೆಪ್ಟೆಂಬರ್ ತನಕ ಆಡೋಕಾಗಲ್ಲ ನಿಜ. ಸಿಮೆಂಟಲ್ಲಿ ಮಾತ್ರ ಆಡ್ತೀವಾ? ನಮ್ಮ ಸ್ಕೂಲಿನ ಮುಂದಿನ ಸಿಮೆಂಟ್ ಕಟ್ಟೆ ಆಗಸ್ಟಲ್ಲಿ ಬಂದು ನೋಡಿ, ಹಸಿರು ಪಾಚಿ, ಕಾಲಿಟ್ರೆ ಸೊಂಟ ಮುರಿಯತ್ತೆ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದ್ರೆ ವಾರಕ್ಕೆ ಮತ್ತೆ ಬರತ್ತೆ. ಶಿವಮೊಗ್ಗ ಪೇಟೇಲಿ ಮಳೆ ಕಡಿಮೆ, ಬಿಡುವು ಕೊಟ್ಟಾಗ ಸಿಂಥೆಟಿಕಲ್ಲಿ ಒರೆಸಿ ಆಡಬಹುದು ಅಂತ ಒಪ್ತೀನಿ, ತೀರ್ಥಹಳ್ಳಿ ಹೊಸನಗರದ ಕಡೆ ಜುಲೈಲಿ ಬಿಡುವು ಅನ್ನೋದೇ ಇಲ್ಲ. ಮತ್ತೆ ಏಪ್ರಿಲ್ ಬಿಸಿಲಿಗೆ ಆ ಸಿಂಥೆಟಿಕ್ ನೆಲ ಕಾವಲಿ ಆಗತ್ತೆ, ಹತ್ತು ಗಂಟೆ ಮೇಲೆ ನಿಲ್ಲೋಕಾಗಲ್ಲ, ಮೇಲಿನ ಬಣ್ಣ ಕೆಲವು ವರ್ಷಕ್ಕೆ ಸವೆದು ಬಿರುಕು ಬಿಡತ್ತೆ, ಮತ್ತೆ ಬಳಿಸೋಕೆ ಹೊರಗಿಂದ ಕಂಪನಿಯವರೇ ಬರ್ಬೇಕು, ದುಡ್ಡು ಲಕ್ಷದ ಲೆಕ್ಕದಲ್ಲಿ. ಮಣ್ಣಿಗೆ ಬೇಕಾಗಿದ್ದು ದಿನಾ ಒಬ್ಬರ ಕೈ. ಅದೇ ಅಲ್ವಾ ನಿಜವಾದ ಸಮಸ್ಯೆ? ಆ ಮಾರ್ಕರ್‌ಗೆ ಸಂಬಳ ಎಷ್ಟು ಅಂತ ಕೇಳಿದ್ಮೇಲೆ ನನಗೆ ಮಾತೇ ಹೊರಡ್ಲಿಲ್ಲ, ಇಲ್ಲಿ ಬರೆದ್ರೆ ಅವರಿಗೆ ತೊಂದ್ರೆ ಆಗತ್ತೆ ಅಂತ ಬರೀತಿಲ್ಲ. ಅವರ ಕೈ ಕೆಳಗೆ ಕಲಿಯೋಕೆ ಒಬ್ಬ ಹುಡುಗನೂ ಇಲ್ಲ. ಕೋರ್ಟ್ ಹಾಳಾಗಿದ್ದು ಮಣ್ಣಿಂದ ಅಲ್ಲ, ನೋಡ್ಕೊಳ್ಳೋರನ್ನ ನಾವು ನೋಡ್ಕೊಳ್ದೆ ಇದ್ದಿದ್ರಿಂದ.

ನನ್ನ ಮಂಡಿ ವಿಷಯನೂ ಹೇಳ್ಬಿಡ್ತೀನಿ, ನಲವತ್ತು ದಾಟಿದ ಮೇಲೆ ಸಿಮೆಂಟಲ್ಲಿ ಒಂದು ಗಂಟೆ ಥ್ರೋಬಾಲ್ ಆಡಿದ್ರೂ ರಾತ್ರಿ ಊದ್ಕೊಂಡು ಬಿಸಿನೀರು ಶಾಖ ಕೊಡ್ಬೇಕಾಗತ್ತೆ. ಇಲ್ಲಿ ದಿನಾ ಎರಡೂವರೆ ಗಂಟೆ, ಹತ್ತು ದಿನ, ಒಂದು ದಿನವೂ ಊದ್ಲಿಲ್ಲ, ಜಾರಿ ನಿಲ್ಲೋದ್ರಿಂದ ಕಾಲಿಗೆ ಗುದ್ದು ಬೀಳಲ್ಲ. ಕಾಲುಚೀಲ ಮಾತ್ರ ಅಡಿಕೆ ಬೇಯಿಸಿದ ಚೊಗರಲ್ಲಿ ಅದ್ದಿದ ಹಂಗೆ ಕೆಂಪಾಗಿ, ಎಷ್ಟು ಒಗೆದ್ರೂ ಬಿಡ್ಲಿಲ್ಲ, ಹಂಗೇ ಇಟ್ಕೊಂಡಿದೀನಿ. ಗರಡಿ ಮನೆಗಳಲ್ಲಿ ಮಟ್ಟಿ ಮಣ್ಣು ಹದ ಮಾಡಿ ಅದಕ್ಕೆ ಕೈ ಮುಗಿದು ಇಳಿಯೋ ಪೈಲ್ವಾನರು ಇರೋ ಊರು ಶಿವಮೊಗ್ಗ, ಮೈಗೆ ಮಣ್ಣು ತಾಗಿದ್ರೆ ಕೀಳು ಅನ್ನೋ ಬುದ್ಧಿ ನಮಗೆ ಯಾವಾಗ ಬಂತು ಗೊತ್ತಾಗ್ತಿಲ್ಲ.

ಅದಕ್ಕೆ ಆ ಕೋರ್ಟ್ ನಡೆಸೋರಿಗೆ ನಿಮ್ಮ ಪತ್ರಿಕೆ ಮೂಲಕ ಕೈ ಮುಗಿದು ಕೇಳ್ತಿದೀನಿ, ಸಿಂಥೆಟಿಕ್ ಬೇಕೇ ಬೇಕು ಅಂದ್ರೆ ಪಕ್ಕದ ಖಾಲಿ ಜಾಗದಲ್ಲಿ ಮಾಡಿ, ದೊಡ್ಡ ಟೂರ್ನಿಗೆ ಹೋಗೋ ಮಕ್ಕಳಿಗೆ ಅದೂ ಬೇಕು, ನಾನು ವಿರೋಧಿ ಅಲ್ಲ, ಆದ್ರೆ ಈ ಮಣ್ಣಿನ ಕೋರ್ಟ್ ಒಂದನ್ನ ಹಂಗೇ ಉಳಿಸಿ. ಒಂದು ಸಲ ಸಿಮೆಂಟ್ ಬಿದ್ರೆ ಆ ನೆಲ ವಾಪಸ್ ಬರಲ್ಲ, ಆ ಹದ ಬರೋಕೆ ಎಷ್ಟೋ ವರ್ಷದ ರೋಲರ್ ಬೇಕು. ಮಾರ್ಕರ್‌ಗೆ ಸರಿಯಾದ ಸಂಬಳ ಕೊಡಿ, ಜೊತೆಗೆ ಒಬ್ಬ ಹುಡುಗನ್ನ ಹಾಕಿ.

ಹಂಗೇ ಮಲೆನಾಡಿನ ಸ್ಕೂಲ್ ಕಮಿಟಿಯವರು (ಎಸ್‌ಡಿಎಂಸಿ), ಪಂಚಾಯ್ತಿಯವರು ಯಾರಾದ್ರೂ ಇದನ್ನ ಓದ್ತಿದ್ರೆ, ಸುತ್ತ ಓಡಾಡೋ ಜಾಗ ಸೇರಿ 120 ಅಡಿಗೆ 60 ಅಡಿ ನೆಲ ಸಾಕು ಒಂದು ಕೋರ್ಟಿಗೆ, ನಮ್ಮ ಎಷ್ಟೋ ಹೈಸ್ಕೂಲ್ ಮೈದಾನದ ಒಂದು ಮೂಲೆ ಅದು. ಕೆಳಗೆ ಕಲ್ಲು ಚೂರು, ಜಂಬಿಟ್ಟಿಗೆ ಪುಡಿ, ಒಂದು ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು, ಪಕ್ಕದಲ್ಲಿ ಒಂದು ಚರಂಡಿ, ಮೇಲೆ ಜರಡಿ ಹಿಡಿದ ಮಣ್ಣು. ಅಂಗಳ ಮಾಡಿ ಗೊತ್ತಿರೋ ಅಜ್ಜ ಅಜ್ಜೀರು ಇನ್ನೂ ಇದಾರೆ, ಅವರನ್ನ ಕರೀರಿ. ಮಳೆಗಾಲಕ್ಕೆ ಸೋಗೆ ಹೊದಿಸಿ, ದೀಪಾವಳಿಗೆ ತೆಗೀರಿ, ಮೇ ತನಕ ಏಳು ತಿಂಗಳು ಮಕ್ಕಳು ಆಡ್ತಾರೆ. ರಾಕೆಟ್ ಇಲ್ಲ ಅಂತೀರಾ, ಪೇಟೆ ಮನೆಗಳಲ್ಲಿ ಮಕ್ಕಳು ಆಡಿ ಬಿಟ್ಟ ರಾಕೆಟ್ ಅಟ್ಟದ ಮೇಲೆ ಬಿದ್ದಿರತ್ತೆ, ಕೊಡೋ ಮನಸ್ಸಿರೋರು ಹತ್ತಿರದ ಸರ್ಕಾರಿ ಸ್ಕೂಲಿಗೆ ಕೊಡಿ, ಗಟ್ ಹಾಕಿಸ್ಕೊಳ್ಳೋ ಖರ್ಚು ನಾವು ನೋಡ್ಕೋತೀವಿ.

ನಮ್ಮ ಸ್ಕೂಲಲ್ಲಿ ನಾವು ಶುರು ಮಾಡಿ ಆಗಿದೆ. ಬಾಲ್ ಬ್ಯಾಡ್ಮಿಂಟನ್ ಆಡಿ ಬಿಟ್ಟ ಹಳೇ ಅಂಕಣ ಒಂದಿತ್ತು, ಅದನ್ನೇ ಎರಡೂ ಕಡೆ ಅಗಲ ಮಾಡಿ ಕಳೆದ ವಾರ ಕೆತ್ತಿದ್ವಿ, ಊರಿನೋರು ಎರಡು ಟ್ರಾಕ್ಟರ್ ಮಣ್ಣು ಕೊಟ್ಟಿದಾರೆ, ಆ ಇಬ್ರು ಹುಡುಗೀರು ದಿನಾ ಸಂಜೆ ಬಂದು ಜರಡಿ ಹಿಡೀತಿದಾರೆ. ರೋಲರ್ ಇಲ್ಲ, ಪೆಟ್ಟಣೇಲೇ ಬಡೀತಿದೀವಿ. ಯಾರ ಹತ್ರ ಆದ್ರೂ ಹಳೇ ಕಲ್ಲಿನ ರೋಲರ್ ಮೂಲೇಲಿ ಬಿದ್ದಿದ್ರೆ ಪತ್ರಿಕೆ ಮೂಲಕ ತಿಳಿಸಿ, ಗಾಡಿ ಮಾಡ್ಕೊಂಡು ಬಂದು ನಾವೇ ತಗೊಂಡು ಹೋಗ್ತೀವಿ, ಮಳೆ ಹಿಡಿಯೋಕೆ ಇನ್ನು ಮೂರೇ ವಾರ ಇದೆ.

ಇಂತಿ,
ಒಬ್ಬ ದೈಹಿಕ ಶಿಕ್ಷಕಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ